ಬಿದ್ದರೂ ನೋಯದ ಹಾರಾಟ

ಈಚೆಗೆ ನಮ್ಮ ನಗರಗಳಲ್ಲಿ ಹೊಸ ಬಗೆಯ ವಿಮಾನ ಚಾಲಕರು ಹುಟ್ಟಿಕೊಂಡಿದ್ದಾರೆ. ಇವರು ನೆಲವನ್ನು ಬಿಟ್ಟು ಒಂದಂಗುಲವೂ ಮೇಲಕ್ಕೆ ಏರುವವರಲ್ಲ. ರಾತ್ರಿಯ ಊಟ ಮುಗಿಸಿ, ಕೋಣೆಯ ಬಾಗಿಲನ್ನು ಮುಂದಕ್ಕೆ ಮಾಡಿಕೊಂಡು, ಕಂಪ್ಯೂಟರಿನ ಮುಂದೆ ಕುಳಿತು ಬೆಂಗಳೂರಿನಿಂದ ದೆಹಲಿಗೆ ವಿಮಾನ ನಡೆಸುತ್ತಾರೆ. ಎರಡೂವರೆ ಗಂಟೆಯ ದಾರಿಗೆ ಎರಡೂವರೆ ಗಂಟೆಯೇ ಹಿಡಿಯುತ್ತದೆ. ಬೇಗ ತಲಪಿಬಿಡಬೇಕೆಂಬ ಆತುರ ಅವರಿಗಿಲ್ಲ. ಮಧ್ಯದಲ್ಲಿ ಬಾಯಾರಿದರೆ ಅಡಿಗೆಮನೆಗೆ ಹೋಗಿ ನೀರು ಕುಡಿದು ಬರುತ್ತಾರೆ. ಅಷ್ಟರಲ್ಲಿ ವಿಮಾನ ತನ್ನಷ್ಟಕ್ಕೆ ತಾನು ನರ್ಮದೆಯನ್ನು ದಾಟಿರುತ್ತದೆ. ಇನ್ನು ಕೆಲವರಿಗೆ ಆಕಾಶದ ಹಂಬಲವಿಲ್ಲ. ಅವರು ಮೇಜಿನ ಅಂಚಿಗೆ ಸ್ಟೀರಿಂಗ್ ಚಕ್ರವೊಂದನ್ನು ಬಿಗಿದುಕೊಂಡು, ಕಾಲ ಕೆಳಗೆ ಪೆಡಲುಗಳನ್ನು ಇಟ್ಟುಕೊಂಡು, ಜರ್ಮನಿಯ ಹೆದ್ದಾರಿಯಲ್ಲಿ ಸರಕು ತುಂಬಿದ ಲಾರಿಯನ್ನು ಓಡಿಸುತ್ತಾರೆ. "ಬೀದಿಯ ಕೊನೆಗೆ ಹೋಗಿ ಕೊತ್ತಂಬರಿ ಸೊಪ್ಪು ತಾ ಎಂದರೆ ಆಗುವುದಿಲ್ಲ, ರಾತ್ರಿಯೆಲ್ಲಾ ಲಾರಿ ಹೊಡೆಯುತ್ತಾನೆ" ಎಂದು ತಾಯಂದಿರು ಗೊಣಗುವುದನ್ನು ನಾವೆಲ್ಲ ಕೇಳಿದ್ದೇವೆ.

ನಗುವವರು ನಗಲಿ. ಆದರೆ ಈ ಹವ್ಯಾಸದ ಹಿಂದೆ ನಕ್ಕು ತಳ್ಳಿಹಾಕಲಾಗದ ಒಂದು ಪ್ರಶ್ನೆ ಅಡಗಿದೆ. ಈ ವಿಮಾನ ನೆಲಕ್ಕೆ ಅಪ್ಪಳಿಸಿದರೆ ಯಾರೂ ಸಾಯುವುದಿಲ್ಲ. ಒಂದು ಗುಂಡಿ ಒತ್ತಿದರೆ ಸಾಕು, ಮತ್ತೆ ರನ್‌ವೇಯ ಮೇಲೆ ಹೊಚ್ಚಹೊಸದಾಗಿ ನಿಂತಿರುತ್ತದೆ. ಸೋತರೆ ಏನನ್ನೂ ಕಳೆದುಕೊಳ್ಳದ ಕಡೆ ಪಡೆದ ನೈಪುಣ್ಯಕ್ಕೆ ಬೆಲೆ ಎಷ್ಟು? ಫಲವನ್ನು ಅನುಭವಿಸಬೇಕಾಗಿಲ್ಲದ ಕರ್ಮವನ್ನು ಕರ್ಮವೆಂದು ಕರೆಯಬಹುದೆ?

ಈ ಯಂತ್ರಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಇದರ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನಿದ್ದ. ಅವನ ತಂದೆಗೆ ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ಮಗನಿಗೆ ವಿಮಾನದ ಹುಚ್ಚು. ಆದರೆ ಆಕಾಶದಲ್ಲಿ ಪಾಠ ಹೇಳಿಸಿಕೊಳ್ಳುವುದೆಂದರೆ ಬಹಳ ಹಣದ ಬಾಬತ್ತು. ಆರ್ಗನ್ ವಾದ್ಯದೊಳಗಿನ ತಿದಿಗಳು ಗಾಳಿ ತುಂಬಿಕೊಂಡು ಉಬ್ಬುವುದನ್ನೂ ಕುಗ್ಗುವುದನ್ನೂ ನೋಡಿ ಬೆಳೆದ ಅವನು, ಅದೇ ಉಪಾಯದಿಂದ 1929ರಲ್ಲಿ ಒಂದು ಪುಟ್ಟ ವಿಮಾನವನ್ನು ಕಟ್ಟಿದ. ಅದು ನಿಂತಲ್ಲಿಯೇ ಓಲಾಡುತ್ತಿತ್ತು, ಬಾಗುತ್ತಿತ್ತು, ತಿರುಗುತ್ತಿತ್ತು. ವಿಮಾನಶಾಲೆಯವರು ಅದನ್ನು ಕಣ್ಣೆತ್ತಿ ನೋಡಲಿಲ್ಲ. ಮೊದಲು ಕೊಂಡವರು ಜನರನ್ನು ರಂಜಿಸುವ ವಿನೋದದ ತೋಟಗಳವರು. ನಮ್ಮ ಜಾತ್ರೆಯ ತೊಟ್ಟಿಲಿನ ಸಾಲಿಗೆ ಅದೂ ಒಂದಾಯಿತು. 1934ರಲ್ಲಿ ಅಮೆರಿಕದ ಸೇನೆಯ ವಿಮಾನದಳದ ಮೇಲೆ ಅಂಚೆ ಸಾಗಿಸುವ ಹೊಣೆ ಬಿತ್ತು. ಚಳಿಗಾಲದ ಮಂಜಿನಲ್ಲಿ, ಕತ್ತಲೆಯಲ್ಲಿ, ಉಪಕರಣಗಳ ಮುಳ್ಳುಗಳನ್ನು ಮಾತ್ರ ನೋಡಿ ಹಾರುವ ಅಭ್ಯಾಸವಿಲ್ಲದ ತರುಣ ಚಾಲಕರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಪ್ರಾಣ ಬಿಟ್ಟರು. ಆಗ ಸೇನೆಗೆ ಜಾತ್ರೆಯ ಆಟಿಕೆಯ ನೆನಪಾಯಿತು, ಆರನ್ನು ಕೊಂಡುಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಸುಮಾರು ಐದು ಲಕ್ಷ ಮಂದಿ ಲಿಂಕನ ಪೆಟ್ಟಿಗೆಯೊಳಗೆ ಕುಳಿತು ಕಲಿತಿದ್ದರು. ಆಟಿಕೆಯೆಂದು ನಕ್ಕದ್ದು, ಸಾವು ಬಾಗಿಲಿಗೆ ಬಂದಮೇಲೆ ಗುರುವಾಯಿತು.

ಗುರು ಮತ್ತೆ ಆಟಿಕೆಯಾಗಿ ಮನೆಮನೆಗೆ ಬಂದದ್ದು ಕಂಪ್ಯೂಟರಿನ ಕಾಲದಲ್ಲಿ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್ ಎಂಬಾತ 1970ರ ದಶಕದಲ್ಲಿ ಈ ಕೆಲಸಕ್ಕೆ ಕೈಹಾಕಿದ. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ತನ್ನ ಹೆಸರಿನಲ್ಲಿ ಹೊರತಂದಿತು. ಆಗಿನ ಬೆಟ್ಟವೆಂದರೆ ನಾಲ್ಕು ಗೆರೆ, ನದಿಯೆಂದರೆ ಎರಡು ಗೆರೆ. ಯಂತ್ರವನ್ನು ತೆರೆದೊಡನೆ ವಿಮಾನ ಷಿಕಾಗೋ ನಗರದ ಸರೋವರದ ದಂಡೆಯ ಮೆಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣದಲ್ಲಿ ನಿಂತಿರುತ್ತಿತ್ತು. ಹುಟ್ಟಿದ ಊರನ್ನು ಬಿಟ್ಟು ಕದಲದ ಎಷ್ಟೋ ಹುಡುಗರಿಗೆ ಅದೇ ಮೊದಲನೆಯ ವಿಮಾನ ನಿಲ್ದಾಣ. 2003ನೆಯ ಮಾರ್ಚ್ 30ರ ರಾತ್ರಿ ಆ ನಗರದ ಮೇಯರರ ಅಪ್ಪಣೆಯಂತೆ ಬುಲ್ಡೋಜರುಗಳು ಬಂದು ರನ್‌ವೇಯನ್ನು ಅಗೆದುಹಾಕಿದುವು. ಈಗ ಅಲ್ಲಿ ಉದ್ಯಾನವಿದೆ. ಆದರೆ ಹಳೆಯ ತಟ್ಟೆಗಳನ್ನು ಜೋಪಾನ ಮಾಡಿಟ್ಟುಕೊಂಡವರು ಇಂದಿಗೂ ಅಲ್ಲಿಂದಲೇ ಹಾರುತ್ತಾರೆ. ಬಿಂಬ ಅಳಿಯಿತು, ಪ್ರತಿಬಿಂಬ ಉಳಿಯಿತು. 2020ರಲ್ಲಿ ಬಂದ ಹೊಸ ಆವೃತ್ತಿಯಂತೂ ಉಪಗ್ರಹದಿಂದ ತೆಗೆದ ಚಿತ್ರಗಳನ್ನು ಹೊದೆಸಿ, ಭೂಮಂಡಲವನ್ನೇ ತಂದು ಮೇಜಿನ ಮೇಲಿಟ್ಟಿತು. ಅದರಲ್ಲಿ ಸುಮಾರು 37,000 ವಿಮಾನ ನಿಲ್ದಾಣಗಳಿವೆ. ಹೊರಗೆ ನಿಜವಾಗಿ ಮಳೆ ಬರುತ್ತಿದ್ದರೆ ಒಳಗಿನ ಆಕಾಶದಲ್ಲೂ ಮೋಡ ಕವಿಯುತ್ತದೆ.

ಈ ಹವ್ಯಾಸಿಗಳನ್ನು ಹತ್ತಿರದಿಂದ ನೋಡಿದಾಗ ಸೋಜಿಗವೆನಿಸುವುದು ಅವರ ಶ್ರದ್ಧೆ. ಇದರಲ್ಲಿ ಅಂಕವಿಲ್ಲ, ಬಹುಮಾನವಿಲ್ಲ, ಕೊಲ್ಲಬೇಕಾದ ಶತ್ರುವಿಲ್ಲ. ಇರುವುದು ಬರೀ ಕೆಲಸ. ಇಂಧನದ ಲೆಕ್ಕ, ಗಾಳಿಯ ಲೆಕ್ಕ, ಭಾರದ ಲೆಕ್ಕ. 2001ರಿಂದ ವ್ಯಾಟ್‌ಸಿಮ್ ಎಂಬ ಕೂಟವೊಂದು ನಡೆಯುತ್ತಿದೆ. ಅಲ್ಲಿ ಕೆಲವರು ಚಾಲಕರಾದರೆ ಕೆಲವರು ನಿಲ್ದಾಣದ ನಿಯಂತ್ರಕರಾಗಿ ಕುಳಿತು, ಯಾವ ಸಂಬಳವೂ ಇಲ್ಲದೆ, ಒಬ್ಬೊಬ್ಬರಿಗೂ ಸರದಿಯಂತೆ ಇಳಿಯಲು ಅಪ್ಪಣೆ ಕೊಡುತ್ತಾರೆ. ಆ ಕೆಲಸಕ್ಕೆ ಮುಂಚೆ ಓದಬೇಕು, ಪರೀಕ್ಷೆ ಕೊಡಬೇಕು. ದಂಡ ವಿಧಿಸುವ ಪೋಲೀಸಿನವನಿಲ್ಲದ ಲೋಕದಲ್ಲಿ ಜನ ಸಾಲಿನಲ್ಲಿ ನಿಂತು ಕಾಯುತ್ತಾರೆಂದರೆ ನಂಬುವುದು ಕಷ್ಟ, ಆದರೂ ಕಾಯುತ್ತಾರೆ.

ನನಗೆ ಪರಿಚಿತರಾದ ಹಿರಿಯರೊಬ್ಬರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಅವರಿಗೂ ಈ ಗೀಳು ಹತ್ತಿದೆ. ಹೊರಡುವ ಮುಂಚೆ ಅರ್ಧ ಗಂಟೆ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು, ಒಂದೊಂದು ಸ್ವಿಚ್ಚನ್ನೂ ಬಾಯಲ್ಲಿ ಹೇಳಿಕೊಂಡು ಪರೀಕ್ಷಿಸುತ್ತಾರೆ. "ಯಾರೂ ಇಲ್ಲದ ವಿಮಾನಕ್ಕೆ ಇಷ್ಟೊಂದು ತಪಾಸಣೆ ಏತಕ್ಕೆ, ಸ್ವಾಮಿ?" ಎಂದು ಕೇಳಿದೆ. "ಯಾರೂ ಇಲ್ಲ ಅಂದುಕೊಂಡ ದಿವಸ ಇದು ಬರೀ ಬೊಂಬೆಯಾಟ ಆಗಿಬಿಡುತ್ತೆ, ಮೇಷ್ಟ್ರೇ. ಹಿಂದೆ ನೂರೆಂಬತ್ತು ಜನ ಕೂತಿದ್ದಾರೆ ಅಂದುಕೊಂಡೇ ಕೂರಬೇಕು" ಎಂದರು. ಇದನ್ನು ನಾನು ಹಗುರವಾದ ಮಾತೆಂದು ಎಣಿಸುವುದಿಲ್ಲ. ನಮ್ಮ ಪ್ರಶ್ನೆಯೆಲ್ಲ ಆ 'ಅಂದುಕೊಳ್ಳುವುದ'ರಲ್ಲೇ ಇದೆ. ಅಂದುಕೊಂಡ ಹೊಣೆ ಹೊಣೆಯೆ?

ಮೊದಲು ನೈಪುಣ್ಯದ ಮಾತನ್ನು ಮುಗಿಸೋಣ. ಹುಸಿ ಆಕಾಶದಲ್ಲಿ ಕಲಿತ ವಿದ್ಯೆಯೂ ಹುಸಿ ಎಂಬ ಮಾತು ನಿಲ್ಲುವುದಿಲ್ಲ. ಇದಕ್ಕೆ ನಮ್ಮ ಪರಂಪರೆಯಲ್ಲಿಯೇ ಸಾಕ್ಷಿಯಿದೆ. ಏಕಲವ್ಯ ಕಲಿತದ್ದು ಮಣ್ಣಿನ ದ್ರೋಣನ ಮುಂದೆ. ಆ ಬೊಂಬೆ ಒಂದು ದಿನವೂ ಬಾಯಿ ತೆರೆಯಲಿಲ್ಲ, ತಪ್ಪನ್ನು ತಿದ್ದಲಿಲ್ಲ, ಭೇಷ್ ಎನ್ನಲಿಲ್ಲ. ಆದರೆ ವಿದ್ಯೆ ನಿಜವಾಗಿ ಬಂತು. ಬಂತೆಂಬುದಕ್ಕೆ ರುಜುವಾತು ಬೇಕಾದರೆ ಅವನ ಹೆಬ್ಬೆರಳನ್ನು ನೋಡಬೇಕು. ಹುಸಿ ವಿದ್ಯೆಗೆ ಯಾರೂ ಅಂಥ ಬೆಲೆ ಕೇಳುವುದಿಲ್ಲ. ಇಂದಿನ ಲೋಕವೂ ಇದನ್ನು ಒಪ್ಪಿದೆ. ದೊಡ್ಡ ವಿಮಾನಗಳ ಚಾಲಕರನ್ನು ತರಬೇತು ಮಾಡುವ ಅತ್ಯುಚ್ಚ ದರ್ಜೆಯ ಸಿಮ್ಯುಲೇಟರುಗಳಿವೆ. ಒಂದು ಕೋಣೆಯಷ್ಟು ದೊಡ್ಡದಾಗಿ, ಕಬ್ಬಿಣದ ಕಾಲುಗಳ ಮೇಲೆ ನಿಂತು ಅಲುಗಾಡುತ್ತವೆ. ಬೆಂಗಳೂರಿನಲ್ಲಿಯೇ ಎಚ್‌ಎಎಲ್ ಸಂಸ್ಥೆ ಕೆನಡಾದ ಸಿಎಇ ಸಂಸ್ಥೆಯೊಡನೆ ಸೇರಿ ಹೆಲಿಕಾಪ್ಟರ್ ಚಾಲಕರಿಗಾಗಿ ಇಂಥದೊಂದನ್ನು ಕಟ್ಟಿತು. ಸಾಕಷ್ಟು ಅನುಭವವಿರುವ ಚಾಲಕನೊಬ್ಬ ಹೊಸ ಮಾದರಿಯ ವಿಮಾನಕ್ಕೆ ಬದಲಾಗುವಾಗ ಇಂಥ ಯಂತ್ರದಲ್ಲಿಯೇ ಪಾಠವನ್ನೆಲ್ಲ ಮುಗಿಸಬಹುದು. ಆ ಮಾದರಿಯ ನಿಜವಾದ ವಿಮಾನವನ್ನು ಅವನು ಮೊದಲ ಸಲ ಹಾರಿಸುವಾಗ ಬೆನ್ನ ಹಿಂದೆ ಟಿಕೆಟ್ಟು ಕೊಂಡ ಪ್ರಯಾಣಿಕರು ಕುಳಿತಿರುವುದುಂಟು. ಪಕ್ಕದಲ್ಲಿ ಪಳಗಿದ ಗುರುವಿರುತ್ತಾನೆ, ಸರಿಯೇ. ಆದರೂ, ಪತ್ರಿಕೆ ಓದುತ್ತ ಕಾಫಿ ಕುಡಿಯುತ್ತ ಕುಳಿತ ನಾವು, ನಮಗೆ ತಿಳಿಯದೆಯೇ, ಸಿಮ್ಯುಲೇಟರಿನ ಸತ್ಯವನ್ನು ನಂಬಿ ಪ್ರಾಣವನ್ನು ಒಪ್ಪಿಸಿದ್ದೇವೆ.

ಆದ್ದರಿಂದ ನೈಪುಣ್ಯ ನಿಜ. ಹಾಗಾದರೆ ಯಾವುದು ಇಲ್ಲಿ ನಿಜವಲ್ಲ?

ಇದಕ್ಕೂ ಮಹಾಭಾರತವೇ ದಾರಿ ತೋರಿಸುತ್ತದೆ. ದ್ರೋಣ ಶಿಷ್ಯರನ್ನು ಪರೀಕ್ಷಿಸಿದ ಕಥೆ ಯಾರಿಗೆ ಗೊತ್ತಿಲ್ಲ? ಮರದ ತುದಿಯಲ್ಲಿ ಹಕ್ಕಿ. ಒಬ್ಬನಿಗೆ ಮರ ಕಾಣಿಸಿತು, ಅಣ್ಣತಮ್ಮಂದಿರು ಕಾಣಿಸಿದರು. ಅರ್ಜುನನಿಗೆ ಹಕ್ಕಿಯ ತಲೆಯೊಂದೇ ಕಾಣಿಸಿತು. ಏಕಾಗ್ರತೆಗೆ ಉದಾಹರಣೆಯೆಂದು ನಾವು ಇದನ್ನು ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಆದರೆ ಹೇಳುವಾಗ ಒಂದು ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ವ್ಯಾಸರು ಅದನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಆ ಹಕ್ಕಿ ಜೀವದ ಹಕ್ಕಿಯಲ್ಲ, ಶಿಲ್ಪಿಗಳಿಂದ ಮಾಡಿಸಿ ಮರಕ್ಕೆ ಏರಿಸಿದ ಕೃತಕ ಪಕ್ಷಿ. ಅಂದರೆ ಅದು ಆ ಕಾಲದ ಸಿಮ್ಯುಲೇಟರ್. ತಲೆ ಉರುಳಿದರೂ ರಕ್ತ ಬೀಳಲಿಲ್ಲ. ತಲೆಯೊಂದನ್ನು ಬಿಟ್ಟು ಬೇರೆ ಏನನ್ನೂ ನೋಡದಿರುವುದು ಅಲ್ಲಿ ಸಾಧ್ಯವಾದದ್ದು, ಬೇರೆ ಏನೂ ನೋಡಬೇಕಾದದ್ದು ಅಲ್ಲಿ ಇರಲಿಲ್ಲವಾದ್ದರಿಂದ.

ಅದೇ ಅರ್ಜುನ ಮುಂದೊಂದು ದಿನ ಎರಡು ಸೈನ್ಯಗಳ ನಡುವೆ ರಥದಲ್ಲಿ ನಿಂತ. ಕೈ ಅದೇ ಕೈ, ಕಣ್ಣು ಅದೇ ಕಣ್ಣು. ನಡುವಣ ವರ್ಷಗಳಲ್ಲಿ ವಿದ್ಯೆ ಬೆಳೆದಿತ್ತೇ ಹೊರತು ಕುಗ್ಗಿರಲಿಲ್ಲ. ಆದರೆ ಅಂದು ಅವನಿಗೆ ಗುರಿ ಕಾಣಿಸಲಿಲ್ಲ. ಅಜ್ಜ ಕಾಣಿಸಿದ, ಗುರು ಕಾಣಿಸಿದ, ಮಾವಂದಿರು, ಮಕ್ಕಳು, ಗೆಳೆಯರು ಕಾಣಿಸಿದರು. ಗಾಂಡೀವ ಕೈಯಿಂದ ಜಾರಿತು. ಹಕ್ಕಿಯ ಪರೀಕ್ಷೆಯಲ್ಲಿ ಉತ್ತೀರ್ಣನಾದವನ ಕೈ ನಡುಗಿದ್ದು ವಿದ್ಯೆಯ ಕೊರತೆಯಿಂದಲ್ಲ. ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯುವಂತಿಲ್ಲ, ಅದು ತಗಲಿದವನು ಮತ್ತೆ ಏಳುವುದಿಲ್ಲ, ಬಿಟ್ಟವನು ತಾನೇ ಎಂಬ ಲೆಕ್ಕ ಎಂದಿಗೂ ಅಳಿಸುವುದಿಲ್ಲ. ಕೃತಕ ಪಕ್ಷಿ ಇದನ್ನು ಅವನಿಗೆ ಕಲಿಸಿರಲಿಲ್ಲ. ಯಾವ ಕೃತಕ ಪಕ್ಷಿಯೂ ಕಲಿಸಲಾರದು.

ಈ ವ್ಯತ್ಯಾಸವನ್ನು ಸೆಕೆಂಡುಗಳಲ್ಲಿ ಅಳೆದ ಪ್ರಸಂಗವೊಂದು ನಮ್ಮ ಕಾಲದಲ್ಲಿಯೇ ನಡೆದಿದೆ. 2009ನೆಯ ಜನವರಿ 15ರಂದು ನ್ಯೂಯಾರ್ಕಿನ ಲಗ್ವಾರ್ಡಿಯಾ ನಿಲ್ದಾಣದಿಂದ ಮೇಲೆದ್ದ ವಿಮಾನಕ್ಕೆ ಬಾತುಕೋಳಿಗಳ ಹಿಂಡು ಬಡಿದು ಎರಡು ಎಂಜಿನುಗಳೂ ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಸಲ್ಲನ್‌ಬರ್ಗರ್ ಅದನ್ನು ಸುಮಾರು ಮೂರೂವರೆ ನಿಮಿಷಗಳಲ್ಲಿ ಹಡ್ಸನ್ ನದಿಯ ನೀರಿನ ಮೇಲೆ ಇಳಿಸಿದರು. ಒಳಗಿದ್ದ 155 ಮಂದಿಯೂ ಬದುಕಿದರು. ಆಮೇಲೆ ವಿಚಾರಣೆ ನಡೆಯಿತು. ನದಿಗೆ ಇಳಿಸುವ ಬದಲು ನಿಲ್ದಾಣಕ್ಕೆ ಹಿಂತಿರುಗಬಹುದಾಗಿತ್ತೆ? ಚಾಲಕರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ ಅದೇ ಪರಿಸ್ಥಿತಿಯನ್ನು ಒಡ್ಡಿದರು. ಎಂಜಿನು ನಿಂತ ಕ್ಷಣದಲ್ಲಿಯೇ ನಿಲ್ದಾಣದ ಕಡೆಗೆ ತಿರುಗಿದ ಪ್ರಯತ್ನಗಳಲ್ಲಿ ಸುಮಾರು ಅರ್ಧದಷ್ಟು ಯಶಸ್ವಿಯಾದವು. ಅನಂತರ, ಏನಾಯಿತೆಂದು ಅರಿತು ಏನು ಮಾಡಬೇಕೆಂದು ತೀರ್ಮಾನಿಸಲು ಹಿಡಿಯುವ ಕಾಲವೆಂದು 35 ಸೆಕೆಂಡುಗಳನ್ನು ಸೇರಿಸಿ ನೋಡಿದರು. ವಿಮಾನ ನಿಲ್ದಾಣವನ್ನು ಮುಟ್ಟಲಿಲ್ಲ.

ಆ 35 ಸೆಕೆಂಡುಗಳಲ್ಲಿ ಏನಿದೆ ಎಂಬುದನ್ನು ನಾವು ಯೋಚಿಸಬೇಕು. ಸಿಮ್ಯುಲೇಟರಿನಲ್ಲಿ ಕುಳಿತವನಿಗೆ ಏನಾಗುವುದೆಂದು ಮೊದಲೇ ಗೊತ್ತು. ಆಗಬಾರದ್ದು ಆದಾಗ ಇದು ನಿಜವೇ ಎಂಬ ಅಪನಂಬಿಕೆಯಿಂದ ಅವನು ಬೆಚ್ಚಬೇಕಾಗಿಲ್ಲ. ಹಿಂದೆ ಕುಳಿತ ನೂರೈವತ್ತು ಜನರ ಭಾರವನ್ನು ಹೆಗಲ ಮೇಲೆ ಹೊರಬೇಕಾಗಿಲ್ಲ. ಒಂದು ದಾರಿ ಹಿಡಿದರೆ ಇನ್ನೊಂದು ದಾರಿ ಶಾಶ್ವತವಾಗಿ ಮುಚ್ಚಿಹೋಗುವುದೆಂದು ಅಳುಕಬೇಕಾಗಿಲ್ಲ. ಮನುಷ್ಯನ ವಿವೇಕ ಬದುಕುವುದು ಆ 35 ಸೆಕೆಂಡುಗಳಲ್ಲಿ. ಯಂತ್ರ ಅದನ್ನು ಸೊನ್ನೆ ಎಂದು ಎಣಿಸಿತ್ತು. ನಾವು ಕೂಡ, ಇನ್ನೊಬ್ಬರ ನಡತೆಯ ಮೇಲೆ ತೀರ್ಪು ಕೊಡುವಾಗ, ಆದದ್ದೇನೆಂದು ಪೂರ್ತಿ ತಿಳಿದಮೇಲೆ ಕುರ್ಚಿಯಲ್ಲಿ ಕುಳಿತು, ಆ ಸೆಕೆಂಡುಗಳನ್ನು ಕಳೆದುಬಿಡುತ್ತೇವೆ. "ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ" ಎನ್ನುವವರೆಲ್ಲ ಒಂದು ಬಗೆಯ ಸಿಮ್ಯುಲೇಟರಿನಲ್ಲಿ ಕುಳಿತವರೇ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಠಿನವಾದದ್ದು. ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ಎಂಬ ತರುಣ ಮನೆಯಲ್ಲಿ ಕುಳಿತು ಗ್ರ್ಯಾನ್ ಟುರಿಸ್ಮೊ ಎಂಬ ಮೋಟಾರು ಓಟದ ಆಟವನ್ನು ಆಡುತ್ತಿದ್ದ. 2011ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸುಮಾರು 90,000 ಸ್ಪರ್ಧಿಗಳ ನಡುವೆ ಗೆದ್ದು ನಿಜವಾದ ಓಟದ ಕಾರನ್ನು ಹತ್ತಿದ. 2013ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯದಲ್ಲಿ, ಇಪ್ಪತ್ತನಾಲ್ಕು ಗಂಟೆಗಳ ಆ ಕಠಿನ ಓಟದಲ್ಲಿ, ಅವನ ತಂಡ ತನ್ನ ವರ್ಗದಲ್ಲಿ ಮೂರನೆಯ ಸ್ಥಾನ ಪಡೆಯಿತು. ಮಣ್ಣಿನ ದ್ರೋಣನ ಮುಂದೆ ಕಲಿತ ವಿದ್ಯೆ ಇಲ್ಲಿಯೂ ನಿಜವೆನಿಸಿತು. 2015ನೆಯ ಮಾರ್ಚ್ 28ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಓಟದ ದಾರಿಯಲ್ಲಿ, ದಿಬ್ಬವೊಂದನ್ನು ಹತ್ತಿ ಇಳಿಯುವ ಕಡೆ, ಅವನ ಕಾರಿನ ಮೂತಿ ಮೇಲಕ್ಕೆದ್ದು, ಕಾರು ಗಾಳಿಯಲ್ಲಿ ಹಾರಿ ಬೇಲಿಯನ್ನು ದಾಟಿ ಬಿತ್ತು. ನೋಡಲು ಬಂದಿದ್ದವರಲ್ಲಿ ಒಬ್ಬರು ಸತ್ತರು. ಆ ಜಾಗದ ಹೆಸರು ಫ್ಲೂಗ್‌ಪ್ಲಾಟ್ಸ್. ಜರ್ಮನ್ ಭಾಷೆಯಲ್ಲಿ ವಿಮಾನ ನಿಲ್ದಾಣವೆಂದು ಅರ್ಥ. ಮುಂದೆ ಆ ದಾರಿಯ ಉಬ್ಬುಗಳನ್ನು ತಗ್ಗಿಸಿದರು, ವೇಗಕ್ಕೆ ಮಿತಿ ಹಾಕಿದರು. ಚಾಲಕನನ್ನು ದೂರುವುದು ನನ್ನ ಉದ್ದೇಶವಲ್ಲ. ಮನೆಯ ಪರದೆಯ ಮೇಲೆ ಕಾರು ನೂರು ಸಲ ಉರುಳಿದರೂ ನೂರೊಂದನೆಯ ಸಲ ಹೊರಡುವುದಕ್ಕೆ ಅಡ್ಡಿಯಿರಲಿಲ್ಲ. ಇಲ್ಲಿ ಒಂದು ಸಲ ಆದದ್ದು ಆದದ್ದೇ.

2023ರಲ್ಲಿ ಅವನ ಬಾಳನ್ನು ಕುರಿತು ಒಂದು ಚಲನಚಿತ್ರ ಬಂತು. ಅದರಲ್ಲಿ 2015ರ ಆ ದುರಂತವನ್ನು 2013ರ ಲೆ ಮಾನ್ ಪಂದ್ಯಕ್ಕಿಂತ ಮುಂಚೆ ನಡೆದಂತೆ ತೋರಿಸಿದ್ದಾರೆ. ಹಾಗೆ ಮಾಡಿದರೆ ಕಥೆಗೆ ಒಳ್ಳೆಯ ಕಟ್ಟು ಬರುತ್ತದೆ: ಬಿದ್ದ, ನೊಂದ, ಎದ್ದ, ಗೆದ್ದ. ಇದನ್ನು ಹಲವರು ಆಕ್ಷೇಪಿಸಿದರು, ಆಕ್ಷೇಪ ನ್ಯಾಯವಾದದ್ದು. ಒಬ್ಬರ ಸಾವನ್ನು ಎತ್ತಿ ಇನ್ನೊಬ್ಬರ ಗೆಲುವಿನ ಮೆಟ್ಟಿಲಾಗಿ ಇಟ್ಟಂತಾಯಿತು. ಸಿಮ್ಯುಲೇಟರಿನ ಬುದ್ಧಿ ಎಂದರೆ ಇದೇ. ಘಟನೆಗಳನ್ನು ಹಿಂದೆಮುಂದೆ ಮಾಡಬಹುದು, ಬೇಡವಾದದ್ದನ್ನು ಅಳಿಸಿ ಮತ್ತೆ ತೊಡಗಬಹುದು ಎಂಬ ಭ್ರಮೆ. ಬದುಕಿನಲ್ಲಿ ಸಾವಿನ ತಾರೀಖನ್ನು ಯಾರೂ ಬದಲಾಯಿಸಲಾರರು.

ಈ ಬುದ್ಧಿ ಪರದೆಯಿಂದ ಹೊರಗೆ ಬಂದು ಬೀದಿಗಿಳಿದರೆ ಆಗುವ ಅನಾಹುತವನ್ನು ಬೇರೆ ಹೇಳಬೇಕಾಗಿಲ್ಲ. ರಾತ್ರಿ ಹನ್ನೊಂದು ಗಂಟೆಗೆ, ಇಲ್ಲದ ರನ್‌ವೇಯ ಮುಂದೆ, ಕಾಣದ ನಿಯಂತ್ರಕನ ಅಪ್ಪಣೆಗಾಗಿ ಕಾಯುವ ತರುಣನೇ ಮರುದಿನ ಬೆಳಿಗ್ಗೆ ವೃತ್ತದ ಕೆಂಪು ದೀಪವನ್ನು ಲೆಕ್ಕಿಸದೆ, ಸಾಲದ್ದಕ್ಕೆ ಕಾಲುದಾರಿಯ ಮೇಲೆ ಬೈಕು ಹತ್ತಿಸಿ, ಮುದುಕಿಯೊಬ್ಬಳನ್ನು ಗೋಡೆಗೆ ಒತ್ತರಿಸಿಕೊಂಡು ಹೋದರೆ ಅವನಿಗೆ ಏನೆನ್ನೋಣ? ಅಂದುಕೊಂಡ ನೂರೆಂಬತ್ತು ಪ್ರಯಾಣಿಕರಿಗೆ ತೋರಿದ ಕನಿಕರ ಕಣ್ಣೆದುರಿನ ಒಂದು ಜೀವಕ್ಕೆ ಇಲ್ಲದೆ ಹೋಯಿತಲ್ಲ! ನಮ್ಮ ದೇಶದ ರಸ್ತೆಗಳ ಮೇಲೆ 2022ರಲ್ಲಿ 1,68,491 ಮಂದಿ ಸತ್ತರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಅವರಲ್ಲಿ ಒಬ್ಬರಿಗೂ ಮತ್ತೆ ತೊಡಗುವ ಗುಂಡಿ ಸಿಕ್ಕಲಿಲ್ಲ. ಕೊಂದ ವಾಹನಗಳನ್ನು ನಡೆಸಿದವರಲ್ಲಿ ಬಹುಮಂದಿಗೆ ಆ ವೇಳೆಗೆ ವಾಹನ ನಡೆಸುವ ವಿದ್ಯೆ ಬಂದೇ ಇತ್ತು. ಕಡಮೆಯಾದದ್ದು ವಿದ್ಯೆಯಲ್ಲ.

ಹಾಗೆಂದು ಈ ಹವ್ಯಾಸವನ್ನು ಬಿಡಿಸಬೇಕೆಂದು ನಾನು ವಾದಿಸುವುದಿಲ್ಲ. ಕನಸಿನಲ್ಲಾದರೂ ಹಾರುವ ಹಕ್ಕು ಮನುಷ್ಯನಿಗೆ ಬೇಡವೆ? ವಿಮಾನ ಚಾಲಕನಾಗಬೇಕೆಂದು ಆಸೆಪಟ್ಟು, ಮನೆಯ ಬಡತನದಿಂದಲೋ ಕಣ್ಣಿನ ದೋಷದಿಂದಲೋ ಆಗಲಾರದೆ ಹೋದವರು ಎಷ್ಟು ಮಂದಿ! ಅವರಿಗೆ ಇಳಿವಯಸ್ಸಿನಲ್ಲಿ ಒಂದು ಆಕಾಶ ಸಿಕ್ಕಿತೆಂದರೆ ಅದನ್ನು ಅಣಕಿಸುವುದು ಕ್ರೌರ್ಯ. ಇದು ಹೊತ್ತು ಕಳೆಯುವ ದಾರಿ ಎನ್ನುವವರೂ ಇದ್ದಾರೆ. ಮಧ್ಯಾಹ್ನ ಒಬ್ಬರೇ ಕುಳಿತು ವೀಣೆ ನುಡಿಸುವವರನ್ನು, ಕಚೇರಿ ಮಾಡುವುದಿಲ್ಲ ಎಂಬ ಕಾರಣಕ್ಕೆ, ನಾವು ಹೊತ್ತುಗಳೆಯುವವರೆಂದು ಕರೆಯುವುದಿಲ್ಲ. ಯಾರೂ ಕೇಳದಿರುವಾಗಲೂ ಶ್ರುತಿ ತಪ್ಪಬಾರದೆಂಬ ಎಚ್ಚರವೇ ಒಂದು ಸಂಸ್ಕಾರ. ಆ ಬ್ಯಾಂಕಿನ ಹಿರಿಯರ ತಪಾಸಣೆಯ ಪಟ್ಟಿಯಲ್ಲಿ ಆ ಸಂಸ್ಕಾರವಿದೆ.

ಈಗ ನಮ್ಮ ಪ್ರಶ್ನೆಗೆ ಮರಳಬಹುದು. ಅಂದುಕೊಂಡ ಹೊಣೆ ಹೊಣೆಯೆ? ಹೊಣೆಯಲ್ಲ, ಆದರೆ ಹೊಣೆಯ ಅಭ್ಯಾಸವಾಗಬಲ್ಲುದು. ಗರಡಿಮನೆಯಲ್ಲಿ ಎತ್ತಿದ ಗುಂಡು ಯಾರ ಭಾರವನ್ನೂ ಇಳಿಸುವುದಿಲ್ಲ. ಆದರೆ ಎತ್ತಿದ ತೋಳು ನಾಳೆ ಒಬ್ಬರ ಭಾರವನ್ನು ಇಳಿಸಬಹುದು. ಇಳಿಸದೆಯೂ ಇರಬಹುದು. ಗರಡಿಯಲ್ಲಿ ಬೆಳೆದ ತೋಳಿನಿಂದಲೇ ಬಡವನನ್ನು ಬಡಿದವರೂ ಇದ್ದಾರೆ. ತೋಳು ಯಾವ ಕಡೆಗೆ ಚಾಚಬೇಕೆಂಬುದನ್ನು ಗುಂಡು ಹೇಳಿಕೊಡುವುದಿಲ್ಲ.

ಯಂತ್ರಗಳು ಇನ್ನೂ ಸೂಕ್ಷ್ಮವಾಗುತ್ತವೆ. ಗಾಳಿಯ ನಡುಕ, ಮಳೆಯ ಹನಿ, ಎಂಜಿನಿನ ಮೊರೆತ ಎಲ್ಲವೂ ಇನ್ನಷ್ಟು ನಿಜದಂತೆ ಆಗುತ್ತವೆ. ಪಶ್ಚಾತ್ತಾಪವನ್ನು ಮಾತ್ರ ಅವು ಅನುಕರಿಸಲಾರವು. ಕಳೆದದ್ದನ್ನು ಮತ್ತೆ ಪಡೆಯಲಾಗದೆಂಬ ಅರಿವು ಎದೆಗೆ ನಾಟಿದಾಗಲೇ ಕೈಗೆ ಎಚ್ಚರ ಬರುವುದು, ಕಣ್ಣಿಗೆ ಗುರಿಯಾಚೆಗಿನ ಮನುಷ್ಯ ಕಾಣಿಸುವುದು. ಹಾರುವುದನ್ನು ಪೆಟ್ಟಿಗೆಯೊಳಗೆ ಕುಳಿತೂ ಕಲಿಯಬಹುದು. ಬಿದ್ದರೆ ಯಾರಿಗೆ ನೋಯುತ್ತದೆ ಎಂಬುದನ್ನು ಜನರ ನಡುವೆಯೇ ಕಲಿಯಬೇಕು.